ಅದು ನನಗಿರ್ಲಿ ಬಿಡಿ

ಸಂತ ಅಟ್ರಾಕ್ಟಾ ನಿವಾಸ,
ಬ್ಯಾಲಿಕ್ಲೋರನ್.
ನವೆಂಬರ್ ೨೧, ಬಾಲೆ ಮರಿಯಳನ್ನು ಅವಳ ತಾಯಿ ದೇವಾಲಯಕ್ಕೆ ಒಪ್ಪಿಸಿದ ಹಬ್ಬ.

ಓರ್ಲಾ, ನನ್ನ ತಂಗಿಯ ಮಗಳೇ, ನನ್ನ ಮಗಳೇ,

ದೇವರ ಶಾಂತಿ ನಿನ್ನ ಮೇಲೂ ನಿನ್ನ ಪುಟ್ಟ ಮಗಳು ಶೀಫ್ರಾಳ ಮೇಲೂ ನೆಲೆಸಿರಲಿ. ನಿನ್ನ ತಾಯಿಯನ್ನು ಮಣ್ಣಿಗೊಪ್ಪಿಸಿ ನೀವಿಬ್ಬರೂ ಕಾರ್ಕ್ ನಗರಕ್ಕೆ ಮರಳಿದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರವಿದು. ಭಾನುವಾರ ನೀನು ದೂರವಾಣಿಯಲ್ಲಿ ಬಹಳ ಹೊತ್ತು ಮಾತಾಡಿದೆ; ನಾನು ಹೂಂಗುಟ್ಟಿದೆ. ನಿಜ ಹೇಳುವುದಾದರೆ ಅದರಲ್ಲಿ ಕಾಲುಭಾಗವೂ ನನ್ನ ಕಿವಿಗೆ ಬೀಳಲಿಲ್ಲ. ಎದುರಿಗೆ ಮುಖವಿದ್ದರೆ ನೀನೇ ಕಲಿಸಿಕೊಟ್ಟ ವಿದ್ಯೆಯಿಂದ ತುಟಿಗಳನ್ನು ಓದಿಕೊಳ್ಳುತ್ತೇನೆ. ದೂರವಾಣಿಗೆ ತುಟಿಗಳಿಲ್ಲ. ಆದುದರಿಂದ ಬರೆಯುತ್ತಿದ್ದೇನೆ, ಮತ್ತು ಬರೆಯಬೇಕಾದದ್ದನ್ನು ಬಾಯಲ್ಲಿ ಹೇಳುವ ಧೈರ್ಯ ನನಗೆ ಇರಲಿಲ್ಲವೆಂಬುದೂ ಸುಳ್ಳಲ್ಲ.

ಮಂಗಳವಾರ ಬೆಳಗಿನ ಪೂಜೆ ಮುಗಿದೊಡನೆ ಮಾಲಾಕಿ ಟಿಯರ್ನನ್ ಇಲ್ಲಿಗೆ ಬಂದಿದ್ದ. ಒಂದೇ ಸೂರಿನಡಿಯಲ್ಲಿ ಮುಂದೆ ಪಬ್ಬನ್ನೂ, ಹಿಂದೆ ಶವಪೆಟ್ಟಿಗೆಗಳನ್ನೂ, ಮಹಡಿಯ ಮೇಲೆ ಪಕ್ಷದ ಕಚೇರಿಯನ್ನೂ ಇಟ್ಟುಕೊಂಡಿರುವ ಆ ಮನುಷ್ಯ ಸತ್ತವರ ಮನೆಯಲ್ಲಿ ಎಷ್ಟು ಮೆಲುದನಿಯವನೋ ಕಿವುಡರ ಮುಂದೆ ಅಷ್ಟೇ ಗಟ್ಟಿ ಗಂಟಲಿನವನು. ಅವನು ನನ್ನೊಬ್ಬಳಿಗೆ ಹೇಳಬೇಕೆಂದುಕೊಂಡದ್ದು ಇಡೀ ಊಟದ ಕೋಣೆಗೆ ಕೇಳಿಸಿತೆಂದು ಆಮೇಲೆ ತಿಳಿಯಿತು.

"ಸಿಸ್ಟರ್, ಡಿಂಪ್ನಾ ಹೋದ್ಳು, ದೇವರು ಅವಳನ್ನ ಚೆನ್ನಾಗಿಟ್ಟಿರ್ಲಿ. ಕೌಂಟಿ ಕೌನ್ಸಿಲಲ್ಲಿ ಅವಳ ಕುರ್ಚಿ ಖಾಲಿ ಇದೆ. ಇನ್ನೂ ಬೆಚ್ಚಗಿರೋವಾಗ್ಲೇ ಓರ್ಲಾ ಬಂದು ಕೂತ್ಬಿಟ್ರೆ ಎಲ್ಲರಿಗೂ ಒಳ್ಳೇದು," ಎಂದ.

"ಅವಳ ಪೆಟ್ಟಿಗೆ ಅಳತೆ ತಗೊಂಡೋನು ನೀನೇ. ಈಗ ಅವಳ ಮಗಳ ಅಳತೆಗೆ ಬಂದಿದೀಯಾ?" ಎಂದೆ.

ಅವನಿಗೆ ಬೇಸರವಾಗಲಿಲ್ಲ. "ಎರಡೂ ನನ್ನ ಕಸುಬೇ, ಏನ್ ಮಾಡ್ಲಿ ಸಿಸ್ಟರ್? ಅಳೋ ಹೊತ್ತಲ್ಲಿ ಅತ್ತಿದೀನಿ, ನನ್ ಹೆಂಡ್ತಿನ ಕೇಳಿ. ಆದ್ರೆ ಊರು ಅಳ್ತಾ ಕೂರಕ್ಕಾಗುತ್ತಾ? ಮತ್ತೆ, ನಾನೇನು ಹೊಸದಾಗಿ ಕೇಳ್ತಾ ಇಲ್ಲ. ಆ ಹುಡುಗಿ ಮಾತು ಕೊಟ್ಟಾಗಿದೆ."

"ಯಾರಿಗೆ ಕೊಟ್ಳು?"

"ಪ್ಯಾಕಿ ಬ್ರೆಸ್ಲಿನ್‌ಗೆ. ಅವಳಮ್ಮನ ಪೆಟ್ಟಿಗೆ ಪಕ್ಕದಲ್ಲೇ ನಿಂತ್ಕೊಂಡು. ಕೊಟ್ಟಿದ್ದಷ್ಟೇ ಅಲ್ಲ, ನಡೆಸ್ಕೊಟ್ಟೂ ಆಯ್ತು. ಪ್ಯಾಕಿ ಮನೆ ತಿರುವಲ್ಲಿ ದೀಪ ಹತ್ತಿದೆ! ಕಾರ್ಕ್‌ನಿಂದ ಫೋನ್ ಮಾಡಿ ಕೌನ್ಸಿಲ್ ಕಚೇರಿಯೋರ್‌ನ ಚೆನ್ನಾಗಿ ತರಾಟೆಗೆ ತಗೊಂಡ್ಳಂತೆ. ತಾಯಿ ಕೈಲಿ ಆಗದೆ ಹೋಗಿದ್ದು ಮಗಳ ಕೈಲಿ ಆಯ್ತು ಅಂತ ಪಬ್ಬಲ್ಲಿ ಎಲ್ಲಾ ಗ್ಲಾಸ್ ಎತ್ತಿದ್ರು."

ಭಾನುವಾರ ದೂರವಾಣಿಯಲ್ಲಿ ನೀನು ಹೇಳಿದ ಸಂಗತಿಗಳಲ್ಲಿ ಈ ದೀಪವೂ ಇತ್ತೇನೋ, ತಿಳಿಯದು. ಪ್ಯಾಕಿಯ ಹೆಂಡತಿ ಮೇಮಿ ಇನ್ನು ಆ ತಿರುವಿನಲ್ಲಿ ಎಡವುವುದಿಲ್ಲವೆಂದು ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಆ ದೀಪವನ್ನು ಊರು ಏನೆಂದು ಎಣಿಸುತ್ತದೆಂಬುದೂ ಅದರ ಬೆನ್ನಲ್ಲೇ ಹೊಳೆಯಿತು.

ನಮ್ಮ ಕೌಂಟಿಯ ಪದ್ಧತಿ ನಿನಗೆ ಗೊತ್ತಿದೆ. ಸದಸ್ಯರೊಬ್ಬರು ತೀರಿಕೊಂಡರೆ ಚುನಾವಣೆಯಿಲ್ಲ. ಅವರ ಪಕ್ಷದವರು ಸೇರಿ ಒಂದು ಹೆಸರನ್ನು ಹೇಳಿದರೆ ಮುಗಿಯಿತು, ಮತ್ತು ಆ ಹೆಸರು ಬಹುಮಟ್ಟಿಗೆ ತೀರಿಕೊಂಡವರ ಮಗನದೋ ಮಗಳದೋ ಆಗಿರುತ್ತದೆ. ಮಾಲಾಕಿಯ ಮಹಡಿಯಲ್ಲಿ ಆ ಸಭೆ ಸೇರುವುದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ನೀನು ಒಪ್ಪದಿದ್ದರೆ ಯಾರೆಂದು ಕೇಳಿದೆ. "ಹೋಟೆಲಿನವರ ಅಳಿಯ ಕಾಯ್ತಾ ಇದಾನಲ್ಲ, ಇದ್ದಬದ್ದ ಹಲ್ಲೆಲ್ಲಾ ತೋರಿಸ್ಕೊಂಡು. ಜನವರೀಲಿ ಮತಕ್ಕೆ ಹಾಕಿದಾಗ ಅವನ ಕೈ ಯಾವ ಕಡೆಗೆ ಏಳುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ ಸಿಸ್ಟರ್?" ಎಂದ. ಆ ಪ್ರಸಂಗವನ್ನು ಇಲ್ಲಿ ಬೆಳೆಸುವುದಿಲ್ಲ. ಹೊರಡುವಾಗ ಟೋಪಿಯನ್ನು ಎದೆಗೊತ್ತಿಕೊಂಡು, "ನೀವೊಂದು ಮಾತು ಬರೀರಿ. ನೀವ್ ಹೇಳಿದ್ರೆ ಅವಳು ಇಲ್ಲ ಅನ್ನಲ್ಲ," ಎಂದು ಕೇಳಿಕೊಂಡ. ಬರೆಯುತ್ತೇನೆಂದೂ ಅನ್ನದೆ, ಬರೆಯುವುದಿಲ್ಲವೆಂದೂ ಅನ್ನದೆ, ಇನ್ನೊಂದು ಬಟ್ಟಲು ಚಹ ಕುಡಿಯುವೆಯಾ ಎಂದು ಕೇಳಿ ಕಳುಹಿಸಿದೆ.

ಮಗಳೇ, ನೀನು ಆ ಮಾತು ಕೊಟ್ಟದ್ದನ್ನು ನಾನು ಕಂಡೆ. ಕೇಳಲಿಲ್ಲ, ಕಂಡೆ. ನಿನ್ನ ತಾಯಿಯನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಸಾಲು ಬಾಗಿಲಿನಿಂದ ಹೊರಟು, ಗೇಟನ್ನು ದಾಟಿ, ರಸ್ತೆಯ ಮಗ್ಗುಲಿಗೆ ಹೋಗಿ ನಿಂತಿತ್ತು. ನೀನು ಅವಳ ತಲೆಯ ಬಳಿ. ನಾನು ಕಾಲುಗಳ ಬಳಿ, ಜಪಸರ ಹಿಡಿದು. ಬಂದವರೆಲ್ಲ ನಿನ್ನ ಕೈ ಹಿಡಿದು ನಮ್ಮ ಊರಿನ ಆ ಒಂದೇ ಮಾತನ್ನು, "ನಿನ್ನ ದುಃಖಕ್ಕೆ ನೊಂದ್ಕೊಂಡೆ," ಎನ್ನುತ್ತಿದ್ದರು. ಆದರೆ ಆ ಕೋಣೆಗೆ ಅವರು ಹಿಂದೆಂದೂ ಬರಿಯ ದುಃಖವನ್ನು ಹೊತ್ತು ಬಂದವರಲ್ಲ. ಅಲ್ಲಿ ಕುಳಿತೇ ಅವರು ತಮ್ಮ ಕಟ್ಟಿಕೊಂಡ ಚರಂಡಿಯನ್ನೂ, ಕೈಗೆ ಬಾರದ ಆಸ್ಪತ್ರೆಯ ಕಾರ್ಡನ್ನೂ, ಮಗನಿಗೆ ಸಿಗದ ಮನೆಯನ್ನೂ ನಿನ್ನ ತಾಯಿಗೆ ಒಪ್ಪಿಸಿ ಹಗುರಾಗಿ ಹೋಗುತ್ತಿದ್ದವರು. ದೇಹಕ್ಕೆ ಅದರದೇ ನೆನಪಿದೆ. ಕೈ ಹಿಡಿದೊಡನೆ ಬಾಯಿ ತಾನಾಗಿ ತೆರೆಯುತ್ತಿತ್ತು. ನೋರೀನ್ ಹ್ಯಾಕೆಟ್ ತನ್ನ ಬೀದಿಯ ಗುಂಡಿಯ ವಿಷಯವನ್ನು ಅರ್ಧ ಹೇಳಿ, ತಾನು ಎಲ್ಲಿದ್ದೇನೆಂಬುದು ಹೊಳೆದು, ಎದೆಯ ಮೇಲೆ ಶಿಲುಬೆ ಬರೆದುಕೊಂಡು ಓಡಿದಳು. ಅವಳ ಹಿಂದೆಯೇ ಇದ್ದವನು ಪ್ಯಾಕಿ.

"ನಿನ್ನ ದುಃಖಕ್ಕೆ ನೊಂದ್ಕೊಂಡೆ, ಮಗಾ. ಅಂಥೋಳು ಇನ್ನು ಹುಟ್ಟಲ್ಲ. ನಮ್ ತಿರುವಿನ ದೀಪದ್ದು ಅವಳ ಹತ್ರ ಹೇಳಿದ್ದೆ... ಮೇಮಿ ಕತ್ಲಲ್ಲಿ ಬಿದ್ದು ಮಣಿಕಟ್ಟು... ಅಯ್ಯೋ ದೇವರೇ. ನನ್ ನಾಲ್ಗೆ ಬಿದ್ ಹೋಗ. ಏನ್ ಮಾತಾಡ್ತಾ ಇದೀನಿ ನಾನು."

ಆ ಮುದುಕ ನಾಚಿಕೆಯಿಂದ ಟೋಪಿಯನ್ನು ಹಿಂಡುತ್ತಿದ್ದ. ಆಗ ನಿನ್ನ ತುಟಿಗಳು ಚಲಿಸಿದವು. ಊದಿಕೊಂಡ ಕಣ್ಣುಗಳಿಂದ, ನಿಂತು ನಿಂತು ದಣಿದ ಕಾಲುಗಳಿಂದ, ಅವನ ನಾಚಿಕೆಯನ್ನು ನೀಗಿಸಲೆಂದೇ ನೀನು, "ಅದು ನನಗಿರ್ಲಿ ಬಿಡಿ, ಪ್ಯಾಕಿ," ಎಂದೆ.

ಬೇರಾವ ಊರಿನಲ್ಲಾದರೂ ಅದು ಸಾಂತ್ವನದ ಮಾತಾಗಿ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಅದು ನಿನ್ನ ತಾಯಿಯ ಮಾತು. ಆ ಮಾತನ್ನು ಹೇಳಿಸಿಕೊಂಡವರು ಮನೆಗೆ ಹೋಗಿ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದರು. ನಿನ್ನ ಹಿಂದೆ ಚಹದ ಕೆಟಲು ಹಿಡಿದು ನಿಂತಿದ್ದ ಹೆಂಗಸರ ಮುಖಗಳನ್ನು ನೀನು ನೋಡಲಿಲ್ಲ, ನಾನು ನೋಡಿದೆ. ಅಡುಗೆಮನೆಯ ಬಾಗಿಲು ನನ್ನ ನೇರಕ್ಕಿತ್ತು. ಸ್ಯಾಂಡ್‌ವಿಚ್ ತಟ್ಟೆಗಳ ಮೇಲೆ ಬಾಗಿಕೊಂಡು, "ಕೇಳಿಸ್ಕೊಂಡ್ಯಾ? ಥೇಟ್ ಅವಳಮ್ಮನ ದನಿ," ಎಂದಳು ಒಬ್ಬಳು. "ದನಿ ಏನ್ ಬಂತು, ಸೀಟೇ ಬಂತು ಅನ್ನು. ನಮ್ ಮನೆ ಛಾವಣಿ ವಿಷ್ಯ ನಾಳೆ ಸಮಾಧಿ ಹತ್ರ ಹೇಳ್ತೀನಿ," ಎಂದಳು ಇನ್ನೊಬ್ಬಳು. ಕಿವಿಗಳನ್ನು ಮುಚ್ಚಿಕೊಳ್ಳುವ ಸುಖವೂ ನನಗಿಲ್ಲ. ಸದ್ದಿಲ್ಲದ ಮಾತುಗಳೆಲ್ಲ ನನಗೆ ಕಾಣಿಸುತ್ತವೆ.

ಅವರ ಮೇಲೆ ಕೋಪಗೊಳ್ಳಬೇಡ. ಅವರನ್ನು ಹಾಗೆ ಬೆಳೆಸಿದವಳು ನಿನ್ನ ತಾಯಿಯೇ. ಬೆಳಗಿನ ರೇಡಿಯೋದಲ್ಲಿ ಸಾವಿನ ಸುದ್ದಿಗಳನ್ನು ಓದುವಾಗ ನಿಮ್ಮ ಮನೆಯಲ್ಲಿ ಚಮಚದ ಸದ್ದೂ ಆಗಕೂಡದಿತ್ತು. ಗಂಜಿ ಬಾಯಿಗೂ ಬಟ್ಟಲಿಗೂ ನಡುವೆ ನಿಲ್ಲುತ್ತಿತ್ತು. ಇಂಥ ಊರಿನ ಇಂಥವರು, ಇಂಥ ಇಗರ್ಜಿಯಲ್ಲಿ ಪೂಜೆ. ಒಡನೆ ಅವಳು ಏಳುತ್ತಿದ್ದಳು. ಕಾರಿನ ಹಿಂದಿನ ಆಸನದಲ್ಲಿ ಕಪ್ಪು ಕೋಟು, ಡಿಕ್ಕಿಯಲ್ಲಿ ರಬ್ಬರ್ ಬೂಟು: ಸಾವಿಗೊಂದು, ಪ್ರವಾಹಕ್ಕೊಂದು. ನಮ್ಮಲ್ಲಿ ಸದಸ್ಯರಾದವರೆಲ್ಲ ಶವಸಂಸ್ಕಾರಗಳಿಗೆ ಹೋಗುತ್ತಾರೆ, ಬಹುಮಂದಿ ಮುಂದಿನ ಮತಕ್ಕಾಗಿ ಹೋಗುತ್ತಾರೆ. ಡಿಂಪ್ನಾ ಮಣ್ಣು ಹಾಕಿದ ಮೇಲೂ ಉಳಿಯುತ್ತಿದ್ದಳು. ವಿಧವೆಯರ ಮನೆಯಲ್ಲಿ ಬೂದಿ ಬಾಚಿ ಒಲೆ ಹೊತ್ತಿಸಿ ಬರುತ್ತಿದ್ದಳು. ಅದಕ್ಕೆ ನಾನು ದೇವರನ್ನು ಸ್ತುತಿಸುತ್ತೇನೆ. ಸ್ತುತಿಸುವಾಗಲೇ, ನಿಮ್ಮ ಮನೆಯ ಒಲೆಯನ್ನು ಆ ಸಂಜೆಗಳಲ್ಲಿ ಹೊತ್ತಿಸುತ್ತಿದ್ದವಳು ಚಿಕ್ಕವಳಾದ ನೀನು ಎಂಬುದೂ ನೆನಪಿಗೆ ಬರುತ್ತದೆ.

ಈ ನಿವಾಸವನ್ನು ಉಳಿಸಿದವಳೂ ಅವಳೇ. ಶಾಲೆ ಮುಚ್ಚಿ, ನಾವು ಸನ್ಯಾಸಿನಿಯರು ಮುದುಕಿಯರಾಗಿ, ಸರೋವರಕ್ಕೆ ಮುಖ ಮಾಡಿರುವ ಈ ಕಟ್ಟಡದ ಮೇಲೆ ಹೋಟೆಲಿನವರ ಕಣ್ಣು ಬಿದ್ದಾಗ, ಅವಳು ಸದಸ್ಯರ ಮನೆ ಮನೆಗೂ ಹೋಗಿ ಕುಳಿತಳು. "ಇದು ವಯಸ್ಸಾದವರಿಗೇ ಇರ್ಲಿ, ಇಲ್ಲಾಂದ್ರೆ ನಿಮ್ಮಮ್ಮನ್ನ ಎಲ್ಲಿಡ್ತೀಯಾ ಹೇಳು," ಎಂದು ಒಬ್ಬೊಬ್ಬನನ್ನೂ ಕೇಳಿದಳಂತೆ. ಅಂದು ನಮ್ಮ ಜೊತೆಗೆ ಊರಿನ ಒಂಟಿ ಮುದುಕಿಯರಿಗೂ ಇಲ್ಲಿ ಹಾಸಿಗೆ ದೊರೆಯಿತು. ಆ ತೀರ್ಮಾನ ಆಗಾಗ ಮತ್ತೆ ಮತಕ್ಕೆ ಬರುತ್ತದೆ. ಪ್ರತಿ ಸಲವೂ ಒಂದೇ ಕೈಯ ಅಂತರದಲ್ಲಿ ಉಳಿದುಕೊಂಡಿದೆ, ಆ ಕೈ ಅವಳದು. ಅವಳು ಎಂಥವಳೆಂದು ಹೇಳಲು ಇದನ್ನು ಬರೆದೆ, ಬೇರೇನಕ್ಕೂ ಅಲ್ಲ. ಕಣ್ಣು ಕಾಣದ ಸಿಸ್ಟರ್ ಪರ್ಪೆಟುವಾ ಗುರುವಾರಗಳಂದು ಈಗಲೂ, "ಡಿಂಪ್ನಾ ಬಂದ್ಳಾ? ಕಾರಿನ ಸದ್ದು ಕೇಳಿಸ್ಲೇ ಇಲ್ಲ," ಎನ್ನುತ್ತಾಳೆ. ಹೇಳಿದ್ದೇವೆ, ಮರೆಯುತ್ತಾಳೆ. ಪ್ರತಿ ಗುರುವಾರ ಅವಳಿಗೆ ಸಾವಿನ ಸುದ್ದಿ ಹೊಸದು.

ನಿನಗೆ ಮೊದಲ ಪರಮಪ್ರಸಾದ ದೊರೆತ ದಿನ ನೆನಪಿದೆಯೇ? ಬಿಳಿಯ ಉಡುಪಿನ ಮಕ್ಕಳೆಲ್ಲ ತಾಯಂದಿರ ಕೈ ಹಿಡಿದಿದ್ದರು. ನಿನ್ನ ಕೈ ನನ್ನ ಕೈಯಲ್ಲಿತ್ತು. ಹೊಳೆಯ ಪಕ್ಕದ ಮನೆಗಳಿಗೆ ನೀರು ನುಗ್ಗಿತ್ತು. ಕೊನೆಯ ಸ್ತೋತ್ರ ಹಾಡುವಾಗ ಅವಳು ಕೆಸರು ಬೂಟುಗಳಲ್ಲೇ ಬಂದು ಬಾಗಿಲಲ್ಲಿ ನಿಂತಳು, ಕಲ್ಲಿನ ನೆಲ ಕೊಳೆಯಾದೀತೆಂದು ಒಳಗೆ ಬರದೆ. ಅಂದು ಮಧ್ಯಾಹ್ನ ಈ ತೋಟದಲ್ಲಿ ನೀನು ನನ್ನನ್ನು ಕೇಳಿದೆ: "ದೊಡ್ಡಮ್ಮಾ, ಅಮ್ಮಂಗೆ ಊರು ಜಾಸ್ತಿ ಇಷ್ಟಾನಾ, ನಾನು ಜಾಸ್ತಿ ಇಷ್ಟಾನಾ?" ದೇವರಿಗೆ ಎಲ್ಲರೂ ಸಮಾನವಾಗಿ ಪ್ರಿಯರಲ್ಲವೇ, ಹಾಗೆ, ಎಂದು ನಾನು ಪಾಠ ಒಪ್ಪಿಸಿದೆ. "ಅಮ್ಮ ದೇವರಲ್ವಲ್ಲ," ಎಂದು ಹೇಳಿ ನೀನು ಹೋಗಿಬಿಟ್ಟೆ. ಜೀವಮಾನವೆಲ್ಲ ಲ್ಯಾಟಿನ್ ಕಲಿಸಿದವಳ ಬಳಿ ಒಂದು ಮಗುವಿನ ಆ ಮಾತಿಗೆ ಉತ್ತರವಿರಲಿಲ್ಲ.

ಈಗ ಬರೆಯಲೇಬೇಕಾದದ್ದಕ್ಕೆ ಬರುತ್ತೇನೆ.

ಅವಳು ತೀರಿಕೊಳ್ಳುವ ಮುಂಚಿನ ಬುಧವಾರ ಮಧ್ಯಾಹ್ನ ಶೀಫ್ರಾಳಿಗೆ ಉಣಿಸಲೆಂದು ನೀನು ಆಸ್ಪತ್ರೆಯ ಕೆಳಮಹಡಿಗೆ ಹೋಗಿದ್ದೆ. ರೋಗವು ಅವಳ ಗಂಟಲನ್ನು ಆಗಲೇ ತಿಂದುಹಾಕಿತ್ತು. ಊರಿಗೆಲ್ಲ ದನಿಯಾಗಿದ್ದವಳಿಗೆ ದನಿಯಿರಲಿಲ್ಲ. ಅವಳು ಏನೋ ಹೇಳುತ್ತಿದ್ದಾಳೆಂದು ದಾದಿಯರಿಗೆ ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ನಿನ್ನಿಂದ ಕಲಿತ ವಿದ್ಯೆ ನಿನ್ನ ವಿಷಯವಾಗಿಯೇ ಉಪಯೋಗಕ್ಕೆ ಬಂದೀತೆಂದು ಯಾರು ಬಲ್ಲರು?

ಮೊದಲು, "ಡೆಲಿಯಾ," ಎಂದಳು. ದೀಕ್ಷೆಯ ದಿನ ಸಿಸ್ಟರ್ ಬೆನಿಗ್ನಾ ಆದ ಮೇಲೂ ನನ್ನನ್ನು ಮನೆಯ ಹೆಸರಿನಿಂದ ಕರೆಯುತ್ತಿದ್ದವಳು ಅವಳೊಬ್ಬಳೇ. "ಅವರು ಬರ್ತಾರೆ. ಮಾಲಾಕಿ ಬರ್ತಾನೆ. ಓರ್ಲಾನ ಕೇಳ್ತಾರೆ. ಬಿಡ್ಬೇಡ."

ಊರು ಅವಳನ್ನು ಪ್ರೀತಿಸುತ್ತದಲ್ಲ, ಎಂದೆ.

"ನಾನು ಊರಿಗೆ ಕೊಟ್ಟಿದ್ದು ನನ್ನದಲ್ಲ ಕಣೇ. ಅವಳದು. ಅವಳ ಸಂಜೆಗಳನ್ನ ಎತ್ತಿ ಎತ್ತಿ ಕೊಟ್ಟೆ. ಶೀಫ್ರಾದನ್ನೂ ಕೊಡೋದು ಬೇಡ. ಆ ಮಗು ಶಾಲೆಯಿಂದ ಬಂದಾಗ ಮನೇಲಿ ಅಮ್ಮ ಇರ್ಲಿ."

ಹಾಗಾದರೆ ನೀನೇ ಅವಳಿಗೆ ಹೇಳು, ಮೇಲೆ ಬಂದೊಡನೆ ನಾನು ಓದಿ ತಿಳಿಸುತ್ತೇನೆ, ಎಂದೆ. ಆಗ ಅವಳ ಭುಜಗಳು ಕುಲುಕಿದವು. ನೋವೆಂದು ಗಂಟೆ ಒತ್ತಲು ಹೋದೆ, ನಗುತ್ತಿದ್ದಳು. "ನಾನು ಬೇಡ ಅಂದ್ರೆ ಅವಳು ಅದನ್ನೇ ಮಾಡ್ತಾಳೆ. ನನ್ ಹೊಟ್ಟೇಲಿ ಹುಟ್ಟಿದೋಳಲ್ವಾ? ಅವಳಿಗೆ ಹೇಳ್ಬೇಡ. ಅವರನ್ನ ತಡಿ." ಇನ್ನೊಂದು ಮಾತನ್ನೂ ಆಡಿದಳು. ಅದು ನನಗೆ ಸಂಬಂಧಿಸಿದ್ದು, ಇಲ್ಲಿ ಅವಶ್ಯವಿಲ್ಲ. ಅಷ್ಟರಲ್ಲಿ ನೀವಿಬ್ಬರೂ ಬಂದಿರಿ, ಶೀಫ್ರಾಳ ಗಲ್ಲದ ಮೇಲೆ ಜಾಮ್ ಅಂಟಿತ್ತು, ಡಿಂಪ್ನಾ ಅದನ್ನು ಬೆರಳಿನಿಂದ ಒರೆಸಿದಳು.

ತಡೆ, ಎಂದಳು. ನಾನು ಯಾರನ್ನು, ಯಾವುದರಿಂದ ತಡೆಯಲಿ? ಹೆಣದ ಮನೆಯ ಸಾಲನ್ನು ತಡೆಯಲಾಗಲಿಲ್ಲ. ಒಂದು ಕರುಣೆಯ ಮಾತನ್ನು ನಿನ್ನ ತುಟಿಗಳಿಂದ ಹೊರಡದಂತೆ ತಡೆಯಲಾಗಲಿಲ್ಲ. ಅಡುಗೆಮನೆಯನ್ನೂ, ಪಬ್ಬನ್ನೂ, ಮಾಲಾಕಿಯನ್ನೂ ತಡೆಯಲಾಗಲಿಲ್ಲ. ಊರುಗೋಲಿಲ್ಲದೆ ಪ್ರಾರ್ಥನಾಲಯದವರೆಗೆ ನಡೆಯಲಾರದವಳಿಗೆ ಒಂದು ಇಡೀ ಊರಿಗೆ ಅಡ್ಡ ನಿಲ್ಲುವ ಕೆಲಸವನ್ನು ಒಪ್ಪಿಸಿ ಹೋದಳು. ಕೊನೆಗೆ ನನಗುಳಿದದ್ದು ಅವಳು ಬೇಡವೆಂದ ದಾರಿಯೊಂದೇ: ನಿನಗೆ ಹೇಳಿಬಿಡುವುದು.

ಹೇಳಿದ್ದೇನೆ. ಇದರಿಂದ ನಿನ್ನ ಮನಸ್ಸು ಅವಳ ಮಾತಿಗೆ ಎದುರಾಗಿ ಹಟ ಹಿಡಿದು ಈ ಊರಿನ ಕಡೆಗೇ ವಾಲಿದರೆ ಆ ಭಾರವೂ ನನ್ನದು. ಸಭೆಗೆ ಮುಂಚೆ ಮಾಲಾಕಿಗೆ ಒಂದು ಸಾಲು ಬರೆದುಬಿಡು, ಇಲ್ಲ ಎಂದು. ಪ್ಯಾಕಿಗೆ ಕೊಟ್ಟ ಮಾತು ದೀಪದಷ್ಟೇ ಆಗಿತ್ತು, ಅದು ತೀರಿತು. ಹೀಗೆ ನಾನು ಬುದ್ಧಿಯಿಂದ ಬರೆಯುತ್ತೇನೆ. ಆದರೆ ಸಂಜೆಯ ಪ್ರಾರ್ಥನೆಗೆ ಕುಳಿತಾಗ ಕೀರ್ತನೆಯ ಅರ್ಧ ಸಾಲಿಗೆ ನಿಲ್ಲುತ್ತೇನೆ. ದೇವರೇ, ಓರ್ಲಾ ಬರದಿರಲಿ, ಎಂದು ಬೇಡಲು ಹೋದರೆ ಈ ಕೋಣೆಯ ಮುದುಕಿಯರ ಬಿಳಿಯ ತಲೆಗಳು ಕಾಣುತ್ತವೆ. ಬರಲಿ, ಎಂದು ಬೇಡಲು ಹೋದರೆ ಗಲ್ಲದ ಮೇಲಿನ ಜಾಮ್ ಕಾಣುತ್ತದೆ. ಈ ಊರಿನಲ್ಲಿ ಯಾರಿಗೆ ಏನು ತೋಚದಿದ್ದರೂ ನಿನ್ನ ತಾಯಿಯನ್ನು ಕೇಳುತ್ತಿದ್ದರು. ನಾನೂ ಅವಳನ್ನೇ ಕೇಳುತ್ತಿದ್ದೆ. ಈಗ ಬೇಡಿಕೆಯನ್ನೇ ಇಡದೆ, ಕೈ ಜೋಡಿಸಿಕೊಂಡು ಸುಮ್ಮನೆ ಕುಳಿತು ಎದ್ದು ಬರುತ್ತೇನೆ. ಅದನ್ನೂ ಪ್ರಾರ್ಥನೆಯೆಂದು ದೇವರು ಸ್ವೀಕರಿಸುವನೋ ಏನೋ.

ನಿನ್ನ ಶಾಲೆಯ ಕಿವಿ ಕೇಳದ ಮಕ್ಕಳಿಗೆ ನನ್ನ ಆಶೀರ್ವಾದಗಳನ್ನು ಕೈಗಳಿಂದ ತಿಳಿಸು. ಶೀಫ್ರಾಳ ಹಣೆಗೆ ನನ್ನ ಮುತ್ತು.

ನಿನ್ನ ದೊಡ್ಡಮ್ಮ,
ಡೆಲಿಯಾ
(ಈ ಹೆಸರಿನಿಂದ ಕರೆಯುವವರು ಇನ್ನಿಲ್ಲವಾದ್ದರಿಂದ ನಾನೇ ಬರೆದುಕೊಂಡೆ.)

ತಾ.ಕ. ಶೀಫ್ರಾಳ ಸ್ವೆಟರಿನಲ್ಲಿ ಒಂದು ತೋಳು ಬಾಕಿಯಿದೆ. ಅಳತೆ ಹೆಚ್ಚುಕಡಿಮೆಯಾದರೆ ಕ್ರಿಸ್‌ಮಸ್ ಮುಗಿದೊಡನೆ ಹಿಂದಕ್ಕೆ ಕಳುಹಿಸು. ಜನವರಿ ಕಳೆದ ಮೇಲೆ ಈ ವಿಳಾಸಕ್ಕೆ ಕಳುಹಿಸಬೇಡ. ಹೋಟೆಲಿನವರ ಅಳಿಯ ಕೈಯೆತ್ತಿದರೆ ನಮ್ಮನ್ನು ಕೌಂಟಿಯ ಬೇರೆ ಬೇರೆ ವೃದ್ಧರ ಮನೆಗಳಿಗೆ ಹಂಚುತ್ತಾರಂತೆ. ಪರ್ಪೆಟುವಾಳನ್ನು ನನ್ನಿಂದ ಅಗಲಿಸದಿದ್ದರೆ ಸಾಕು. ಇದನ್ನು ಬರೆಯಬಾರದೆಂದೇ ಇದ್ದೆ, ನಿನ್ನ ತಕ್ಕಡಿಯಲ್ಲಿ ನನ್ನ ಹಾಸಿಗೆಯನ್ನು ಇಡಬಾರದೆಂದು. ಆದರೆ ಬರೆಯದಿದ್ದರೆ ಅವಳ ಕೊನೆಯ ಮಾತನ್ನು ನಿನಗೆ ಅರ್ಧವೇ ತಲುಪಿಸಿದಂತಾಗುತ್ತದೆ. ಆ ಬುಧವಾರ ಅವಳು ಆಡಿದ ಇನ್ನೊಂದು ಮಾತು ಇದು: "ನಿನ್ನ ಮನೆ ಹೋಗುತ್ತೆ, ಡೆಲಿಯಾ. ಗೊತ್ತು. ಗೊತ್ತಿದ್ದೇ ಹೇಳ್ತಾ ಇದೀನಿ. ಒಂದ್ಸಲ ನನ್ ಮಗಳ ಕಡೆ ನಿಲ್ತೀನಿ, ಬಿಡು." ನನಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂದು ತೋಟದಲ್ಲಿ, ಬಿಳಿಯ ಉಡುಪಿನಲ್ಲಿ, ನೀನು ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗ ಉತ್ತರವಿದೆ. ಊರಲ್ಲ, ಮಗಳೇ. ನಾನೂ ಅಲ್ಲ. ನೀನು.